ತಂಗಳು ಪೆಟ್ಟಿಗೆಯ ಶುಚಿ

ಕನ್ನಡದಲ್ಲಿ ‘ತಣ್’ ಎಂಬುದೊಂದು ಪುಟ್ಟ ಮೂಲರೂಪವುಂಟು. ತಣ್ಣನೆಯ ಗಾಳಿ ತಂಗಾಳಿಯಾಯಿತು. ತಣ್ಣನೆಯ ಕದಿರುಗಳುಳ್ಳ ಚಂದ್ರ ತಂಗದಿರನಾದನು. ತಣ್ಣನೆಯ ಹುಳಿ ನಮ್ಮ ಶಿರಸಿ ಸೀಮೆಯ ಊಟದೆಲೆಯ ಮೇಲೆ ತಂಬುಳಿಯಾಗಿ ಹರಿಯಿತು. ತಣಿಯುವುದೆಂದರೆ ಬಿಸಿ ಆರುವುದೂ ಹೌದು, ಮನಸ್ಸು ತೃಪ್ತಿಗೊಳ್ಳುವುದೂ ಹೌದು. ಇಷ್ಟು ಒಳ್ಳೆಯ ಮಕ್ಕಳನ್ನು ಪಡೆದ ಈ ಮೂಲಕ್ಕೆ ಮಾನ ಕಳೆಯುವ ಸಂತಾನವೂ ಒಂದಿದೆ. ಅದು ತಣ್ಣನೆಯ ಕೂಳು, ಅಂದರೆ ತಂಗಳು. ಶೀತಕ, ಶೈತ್ಯಕ, ತಂಪುಪೆಟ್ಟಿಗೆ ಎಂದು ಪಂಡಿತರು ಎಷ್ಟು ಹೆಸರುಗಳನ್ನು ಕಟ್ಟಿಕೊಟ್ಟರೂ ಜನ ಫ್ರಿಜ್ ಎಂದೇ ಕರೆದರು. ಹಾಸ್ಯ ಮಾಡಬೇಕೆನಿಸಿದಾಗ ‘ತಂಗಳು ಪೆಟ್ಟಿಗೆ’ ಎಂದರು. ಹಾಸ್ಯದ ಒಳಗೆ ಒಂದು ಆರೋಪವೂ ಇದೆ. ಆ ಆರೋಪಕ್ಕೆ ಪೆಟ್ಟಿಗೆ ಗುರಿಯಾಗಬೇಕೋ ಅದನ್ನು ಇಟ್ಟುಕೊಂಡವರು ಗುರಿಯಾಗಬೇಕೋ ಎಂಬುದೇ ಇಂದಿನ ಮಾತು.

ಸ್ವರ್ಣವಲ್ಲಿಯ ಸುತ್ತಿನ ಸೋಂದೆಯಿಂದ ಹಿಡಿದು ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಅಂಚಿನವರೆಗೆ, ಹಳೆಯ ಮನೆಗಳಲ್ಲಿ ಆಹಾರವನ್ನು ಕಾಪಾಡುವ ಬೇರೊಂದು ಶಾಸ್ತ್ರವೇ ಇತ್ತು. ಹಾಲು ಮೊಸರಿನ ಪಾತ್ರೆಗಳು ಮಾಡಿನಿಂದ ಇಳಿಬಿಟ್ಟ ನೆಲುವಿನಲ್ಲಿ ತೂಗುತ್ತಿದ್ದವು. ಬೆಕ್ಕಿಗೂ ಇರುವೆಗೂ ಅದು ಎಟುಕದ ಜಾಗ. ಅಪ್ಪೆಮಿಡಿ ಉಪ್ಪುನೀರಿನ ಭರಣಿಯೊಳಗೆ ವರ್ಷಗಟ್ಟಲೆ ಮಲಗಿರುತ್ತಿತ್ತು. ಹಲಸು ಹಪ್ಪಳವಾಗಿ ಬಿಸಿಲನ್ನು ಕುಡಿದು ಅಟ್ಟವನ್ನು ಏರುತ್ತಿತ್ತು. ಮುರುಗಲು ಒಣಗಿ ಸಿಪ್ಪೆಯಾಗುತ್ತಿತ್ತು. ಕಬ್ಬಿನ ಹಾಲು ಜೋನಿಬೆಲ್ಲವಾಗುತ್ತಿತ್ತು. ಉಪ್ಪು, ಹುಳಿ, ಸಿಹಿ, ಬಿಸಿಲು, ಹೊಗೆ ಇವು ಐದೂ ಮಾಡುತ್ತಿದ್ದ ಕೆಲಸ ಒಂದೇ: ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗೆ ಬೇಕಾದ ನೀರನ್ನೋ ನೆಮ್ಮದಿಯನ್ನೋ ಕಸಿದುಕೊಳ್ಳುವುದು. ಬೇಯಿಸಿದ ಅನ್ನ ಮಾತ್ರ ಈ ಶಾಸ್ತ್ರಕ್ಕೆ ಒಳಪಡಲಿಲ್ಲ. ಅದು ಮುಸುರೆ, ಅಂದಿನದು ಅಂದಿಗೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಹೊತ್ತು ಮೀರಿದ, ರಸವಳಿದ, ಹಳಸಿದ ಆಹಾರವನ್ನು ತಾಮಸರ ಪಾಲಿಗೆ ಬಿಟ್ಟುಕೊಟ್ಟಿದೆ. ಹೀಗಾಗಿಯೇ ಮೊದಮೊದಲು ಫ್ರಿಜ್ ಬಂದ ಅನೇಕ ಮನೆಗಳಲ್ಲಿ ಅದಕ್ಕೆ ಅಡುಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಜಗುಲಿಯಲ್ಲೋ ನಡುಮನೆಯಲ್ಲೋ ಅತಿಥಿಯಂತೆ ನಿಂತಿರುತ್ತಿತ್ತು. ಮೈಮೇಲೆ ಕಸೂತಿ ಹಾಕಿದ ಬಟ್ಟೆ ಬೇರೆ.

ತಂಪನ್ನು ಕೊಂಡು ತರುವ ಆಸೆ ಹಳೆಯದು. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಕೆರೆಯ ಮಂಜುಗಡ್ಡೆಯನ್ನು ಹೇರಿಕೊಂಡು ಬಂದ ಹಡಗು ಕಲ್ಕತ್ತೆಯನ್ನು ಮುಟ್ಟಿತು; ಹಾದಿಯಲ್ಲಿ ಕರಗಿದ್ದು ಕರಗಿ, ಉಳಿದದ್ದನ್ನು ದೊರೆಗಳು ಸಂಭ್ರಮದಿಂದ ಕೊಂಡರು. ಮದರಾಸಿನ ಕಡಲ ದಂಡೆಯಲ್ಲಿ ಇಂಥ ಗಡ್ಡೆಯನ್ನು ಇಡಲೆಂದೇ ಕಟ್ಟಿದ ‘ಐಸ್ ಹೌಸ್’ ಇಂದೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆ ಅದೇ. ಮಂಜನ್ನು ಹೊತ್ತು ತರುವ ಬದಲು ತಂಪನ್ನು ಯಂತ್ರದಿಂದಲೇ ಹುಟ್ಟಿಸುವ ಹಕ್ಕುಪತ್ರವನ್ನು ಜೇಕಬ್ ಪರ್ಕಿನ್ಸ್ ಎಂಬಾತ 1834ರಲ್ಲಿ ಪಡೆದನು. ನಮ್ಮ ದೇಶದಲ್ಲೇ ತಯಾರಾದ ಮನೆಬಳಕೆಯ ಫ್ರಿಜ್ಜನ್ನು ಗೋದ್ರೆಜ್ ಕಂಪನಿ 1958ರಲ್ಲಿ ಹೊರತಂದಿತು.

ಯಂತ್ರದ ತತ್ತ್ವ ನಮಗೆ ಹೊಸತಲ್ಲ. ಮಿಂದು ಒದ್ದೆಮೈಯಲ್ಲಿ ನಿಂತವನಿಗೆ ಚಳಿಯಾಗುವುದೇಕೆ? ನೀರು ಆವಿಯಾಗುವಾಗ ಮೈಯ ಬಿಸಿಯನ್ನು ಕೊಂಡೊಯ್ಯುತ್ತದೆ. ಫ್ರಿಜ್ಜಿನೊಳಗಿನ ಕೊಳವೆಯಲ್ಲಿ ಬೇಗ ಆವಿಯಾಗುವ ದ್ರವವೊಂದು ಹರಿಯುತ್ತದೆ. ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಅದುಮಿದಾಗ ಅದು ಬಿಸಿಯೇರಿ, ಹಿಂಬದಿಯ ಅಥವಾ ಪಕ್ಕದ ಗೋಡೆಯ ಕೊಳವೆಗಳಲ್ಲಿ ಬಿಸಿಯನ್ನು ಹೊರಗೆ ಚೆಲ್ಲಿ ಮತ್ತೆ ದ್ರವವಾಗುತ್ತದೆ. ಎಂದರೆ ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಈ ಮಾತು ಮನಸ್ಸಿನಲ್ಲಿದ್ದರೆ ಪಾಲನೆಯ ಅರ್ಧ ಪಾಠ ತಾನೇ ಹೊಳೆಯುತ್ತದೆ. ಹೊರಗೆ ಹಾಕಲು ಜಾಗ ಬೇಕು: ಗೋಡೆಗೆ ಒತ್ತಿ ನಿಲ್ಲಿಸಬಾರದು, ನಾಲ್ಕೈದು ಅಂಗುಲವಾದರೂ ಬಿಡಬೇಕು. ಹಿಂದೆ ಕಪ್ಪು ಕೊಳವೆಗಳಿರುವ ಹಳೆಯ ಮಾದರಿಯಾದರೆ ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಮೆದು ಬ್ರಶ್ಶಿನಿಂದ ಧೂಳನ್ನೂ ಜೇಡರ ಬಲೆಯನ್ನೂ ಕೊಡವಬೇಕು. ಧೂಳು ಕಂಬಳಿಯ ಕೆಲಸ ಮಾಡುತ್ತದೆ. ಕಂಬಳಿ ಹೊದ್ದವನಿಗೆ ಬಿಸಿ ಬಿಡುವುದು ಕಷ್ಟ. ಆರಿಸದ ಸಾರನ್ನು ಕುದಿಕುದಿಯುತ್ತಿರುವಾಗಲೇ ಒಳಗಿಡುವುದೂ ಹೊರೆಯಾಳಿನ ತಲೆಯ ಮೇಲೆ ಇನ್ನೊಂದು ಮೂಟೆ ಇಟ್ಟಂತೆ. ಹಾಗೆಂದು ರಾತ್ರಿಯಿಡೀ ಹೊರಗಿಟ್ಟು ಬೆಳಗ್ಗೆ ಇಡುವುದೂ ತಪ್ಪು. ಅಗಲವಾದ ಪಾತ್ರೆಗೆ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಇಟ್ಟುಬಿಡಬೇಕು.

ಈಗ ಮುಖ್ಯವಾದ ಮಾತು. ತಂಪು ಕೊಲ್ಲುವುದಿಲ್ಲ, ತಡೆಯುತ್ತದೆ. ಬೆಚ್ಚಗಿನ ಅನ್ನದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲ ಜೀವಿಗಳು ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೂಕಡಿಸುತ್ತವೆ, ಸಾಯುವುದಿಲ್ಲ. ಲಿಸ್ಟೀರಿಯಾ ಎಂಬ ಒಂದು ಜಾತಿಗಂತೂ ಆ ಚಳಿಯೂ ಹಿತವೇ. ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ, ಬಸುರಿಯರಿಗೂ ವೃದ್ಧರಿಗೂ ಅಪಾಯ ತರುತ್ತದೆ. ‘ಫ್ರಿಜ್ಜಿನಲ್ಲಿತ್ತಲ್ಲ, ಏನೂ ಆಗಿರುವುದಿಲ್ಲ’ ಎಂಬ ಮಾತು, ‘ಬೀಗ ಹಾಕಿತ್ತಲ್ಲ, ಕಳ್ಳ ಒಳಗೇ ಇದ್ದರೂ ಚಿಂತೆಯಿಲ್ಲ’ ಎಂದಂತೆ. ಹಳಸು ಎಂಬ ಕ್ರಿಯಾಪದದ ಹೊಟ್ಟೆಯಲ್ಲಿ ಹಳತು ಇದೆ. ಕಾಲ ಪೆಟ್ಟಿಗೆಯೊಳಗೂ ನಡೆಯುತ್ತದೆ, ನಡಿಗೆ ನಿಧಾನ ಅಷ್ಟೆ. ‘ಒಮ್ಮೆ ಚೆನ್ನಾಗಿ ಕುದಿಸಿದರೆ ಸರಿಹೋಯಿತು’ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಹೊರಗೆ ಬಹಳ ಹೊತ್ತು ಬಿಟ್ಟ ಅನ್ನದಲ್ಲಿ ಬೆಳೆಯುವ ಕೆಲವು ಜೀವಿಗಳು ಬಿಟ್ಟುಹೋಗುವ ವಿಷ ಕುದಿತಕ್ಕೂ ಅಳಿಯದು. ಜೀವಿ ಸಾಯುತ್ತದೆ, ವಿಷ ಉಳಿಯುತ್ತದೆ.

ಇದೆಲ್ಲ ಎಲ್ಲ ಊರಿಗೂ ಸಲ್ಲುವ ಮಾತು. ನಮ್ಮ ಮಲೆನಾಡಿಗೆ ವಿಶೇಷವಾದದ್ದು ಮಳೆಗಾಲ. ಪುನರ್ವಸು, ಪುಷ್ಯದ ಮಳೆ ಹಿಡಿದಾಗ ಕಪಾಟಿನ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಸೀಮೆ ಇದು. ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುತ್ತದೆ. ಬಾಗಿಲು ತೆರೆದಾಗಲೆಲ್ಲ ಆ ತೇವದ ಗಾಳಿ ಒಳನುಗ್ಗಿ, ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ, ನೀರು ಹಿಮವಾಗುತ್ತದೆ. ಹಳೆಯ ಮಾದರಿಯ ಫ್ರೀಜರಿನಲ್ಲಿ ಬೇಸಗೆಗಿಂತ ಮಳೆಗಾಲದಲ್ಲೇ ಹಿಮ ಬೇಗ ಕಟ್ಟುವುದು ಇದರಿಂದ. ಆ ಹಿಮವೂ ಒಂದು ಕಂಬಳಿಯೇ. ಕಾಲಂಗುಲ ದಪ್ಪವಾಯಿತೆಂದರೆ ಕರಗಿಸಲೇಬೇಕು. ಕರಗಿಸುವ ಬಗೆ ಸುಲಭ: ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟು, ಬೇಕಿದ್ದರೆ ಬಿಸಿನೀರಿನ ಬೋಗುಣಿಯೊಂದನ್ನು ಒಳಗಿಟ್ಟು ಸುಮ್ಮನಿರುವುದು. ಈ ಸುಮ್ಮನಿರುವ ಕೆಲಸವೇ ನಮ್ಮವರಿಗೆ ಕಷ್ಟ. ಚೂರಿಯನ್ನೋ ಸ್ಕ್ರೂಡ್ರೈವರನ್ನೋ ತಂದು ಹಿಮವನ್ನು ಕೆತ್ತುವವರಿದ್ದಾರೆ. ಹಿಮದ ಹಿಂದೆಯೇ ತೆಳು ಲೋಹದ ಕೊಳವೆಯಿದೆ. ತೂತಾದರೆ ಒಳಗಿನ ಅನಿಲ ಹೊರಟುಹೋಗಿ ಫ್ರಿಜ್ ಬರಿಯ ಕಪಾಟಾಗುತ್ತದೆ. ಹಿಂದಿನ ಕಾಲದ ಫ್ರಿಜ್ಜುಗಳ ಅನಿಲ ಭೂಮಿಯ ಓಜೋನ್ ಪದರವನ್ನು ಕೆಡಿಸುವಂಥದು; 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಲೋಕವೇ ಅದನ್ನು ಕೈಬಿಟ್ಟಿತು. ಈಗ ಅನೇಕ ಫ್ರಿಜ್ಜುಗಳಲ್ಲಿ ತುಂಬುವ ಐಸೋಬ್ಯೂಟೇನ್ ಆಕಾಶಕ್ಕೆ ಸೌಮ್ಯ, ಆದರೆ ಬೆಂಕಿ ಹತ್ತುವ ಗುಣದ್ದು. ಸೋರಿತೆಂಬ ಅನುಮಾನ ಬಂದರೆ ದೀಪ, ಸ್ವಿಚ್ಚು ಯಾವುದನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಬೇಕು.

ಹಿಮ ಕಟ್ಟದ ಹೊಸ ಮಾದರಿಗಳಿಗೆ ಈ ತೊಂದರೆಯಿಲ್ಲವೆಂದು ಅಂಗಡಿಯವರು ಹೇಳುತ್ತಾರೆ, ಸರಿಯೇ. ಆದರೆ ಆ ಹಿಮ ಎಲ್ಲಿಗೆ ಹೋಯಿತು? ಯಂತ್ರ ತಾನೇ ಅದನ್ನು ಆಗಾಗ ಕರಗಿಸಿ, ಒಂದು ಸಣ್ಣ ರಂಧ್ರದ ಮೂಲಕ ಹಿಂಬದಿಯ ತಟ್ಟೆಗೆ ಇಳಿಸುತ್ತದೆ. ಕಂಪ್ರೆಸರಿನ ಬಿಸಿಗೆ ಆ ನೀರು ಆರಬೇಕೆಂಬುದು ಲೆಕ್ಕ. ನಮ್ಮ ಜುಲೈ ತಿಂಗಳಲ್ಲಿ ಆ ಲೆಕ್ಕ ತಪ್ಪುತ್ತದೆ: ಇಳಿಯುವ ನೀರು ಹೆಚ್ಚು, ಆರುವುದು ಕಡಿಮೆ. ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ನಿಂತ ತಿಳಿನೀರು, ಕತ್ತಲು, ಬೆಚ್ಚನೆಯ ಮೂಲೆ; ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಬಾಣಂತಿಕೋಣೆಯನ್ನು ನಾವೇ ಕಟ್ಟಿಕೊಟ್ಟಂತಾಯಿತು. ಅಂಗಳದ ತೆಂಗಿನ ಚಿಪ್ಪನ್ನು ಕವಚಿ ಹಾಕುವ, ತೋಟದ ಅಡಿಕೆ ಹಾಳೆಯಲ್ಲಿ ನಿಂತ ನೀರನ್ನು ಚೆಲ್ಲುವ ಜಾಗರೂಕರ ಮನೆಯೊಳಗೇ ಈ ತಟ್ಟೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಡೆಂಗಿಯನ್ನು ಕರ್ನಾಟಕ ಸರಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ನೆನೆದರೆ ಇದು ಹಗುರವಾದ ಮಾತಲ್ಲ. ನೀರನ್ನು ಚೆಲ್ಲಿದರೆ ಸಾಲದು. ಆ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಕಾದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದುದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ತೆಗೆದು ಒರಟು ಬ್ರಶ್ಶಿನಿಂದ ಉಜ್ಜಬೇಕು. ತೆಗೆಯಲು ಬಾರದ ತಟ್ಟೆಯಾದರೆ ಪ್ಲಗ್ ಕಿತ್ತು, ಬಟ್ಟೆಯಿಂದ ನೀರು ಹೀರಿಸಿ, ಅಲ್ಲೇ ಉಜ್ಜಬೇಕು. ಒಳಗಿನ ರಂಧ್ರ ಕೊತ್ತಂಬರಿಯ ಎಲೆಯಿಂದಲೋ ಕಾಯಿತುರಿಯಿಂದಲೋ ಕಟ್ಟಿದ್ದರೆ ತರಕಾರಿಯ ಡಬ್ಬಿಯ ಕೆಳಗೆ ನೀರು ಸೇರುತ್ತದೆ. ಉಗುರುಬೆಚ್ಚಗಿನ ನೀರು ಸ್ವಲ್ಪ ಬಿಟ್ಟು, ಮೆದುವಾದ ಕಡ್ಡಿಯಿಂದ ಬಿಡಿಸಬಹುದು.

ಮಳೆಗಾಲದ ಇನ್ನೊಂದು ಸಂಗತಿ ವಿದ್ಯುತ್ತಿನದು. ಕಾಳಿಯ ನೀರಿನಿಂದ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದೇ ತಾಲೂಕಿನ ಕಾಡಂಚಿನ ಮನೆಯಲ್ಲಿ ಮರವೊಂದು ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಇದು ನಮ್ಮ ಜಿಲ್ಲೆಯ ಹಳೆಯ ವಿಡಂಬನೆ. ಅದರ ಚರ್ಚೆಗೆ ಬೇರೆ ವೇದಿಕೆಗಳಿವೆ. ಕರೆಂಟು ಹೋದಾಗ ಬಾಗಿಲನ್ನು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯಬಲ್ಲದು. ಆಮೇಲೆ ಹಾಲು, ಬೇಯಿಸಿದ ಪದಾರ್ಥ, ವಿಶೇಷವಾಗಿ ಕಾಯಿತುರಿ ಅರೆದು ಹಾಕಿದ ಯಾವುದನ್ನೂ ನಂಬಬಾರದು. ಮೂಗು ಒಳ್ಳೆಯ ಪರೀಕ್ಷಕನಲ್ಲ. ಕೆಲವು ವಿಷಗಳಿಗೆ ವಾಸನೆಯೇ ಇಲ್ಲ. ಒಂದು ಉಪಾಯ: ಸಣ್ಣ ಲೋಟದ ನೀರನ್ನು ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿ, ಅದರ ಮೇಲೊಂದು ನಾಣ್ಯ ಇಟ್ಟುಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳದಲ್ಲಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆಯೆಂದು ತಿಳಿಯಬೇಕು. ಕರೆಂಟು ಬಂದು ಹೋಗಿ ಮಾಡುವಾಗ ಕಂಪ್ರೆಸರಿಗೆ ಐದು ನಿಮಿಷದ ಬಿಡುವು ಬೇಕು; ಅದಕ್ಕೆಂದೇ ಸ್ಟೆಬಿಲೈಸರ್ ಇದೆ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಸ್ಟೆಬಿಲೈಸರೂ ರಕ್ಷೆಯಲ್ಲ. ಗುಡುಗಿನ ಮೋಡ ದೂರದಲ್ಲಿರುವಾಗಲೇ ಪ್ಲಗ್ಗನ್ನು ಕೀಳುವುದೊಂದೇ ದಾರಿ.

ಈ ಮಾತುಗಳನ್ನು ನಾನು ಯಾರನ್ನು ಮನಸ್ಸಿನಲ್ಲಿಟ್ಟು ಆಡುತ್ತಿದ್ದೇನೆಂದರೆ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರನ್ನು. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇದ್ದಾರೆ. ಹತ್ತು ಜನಕ್ಕೆ ಅಡಿಗೆ ಮಾಡಿ ರೂಢಿಯಾದ ಕೈಗೆ ಇಬ್ಬರ ಅಳತೆ ಬರುವುದಿಲ್ಲ; ಮಿಕ್ಕದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ದೊಡ್ಡದು, ನನಗೂ ಅದರಲ್ಲಿ ಗೌರವವಿದೆ. ಆದರೆ ಅದೇ ಸಂಸ್ಕಾರ ಮೂರನೆಯ ದಿನದ ಪಲ್ಯವನ್ನು ಎಪ್ಪತ್ತೈದರ ಜೀವಕ್ಕೆ ಬಡಿಸುವಂತಾಗಬಾರದು. ಬೇಯಿಸಿದ್ದನ್ನು ಮುಚ್ಚಿದ ಪಾತ್ರೆಯಲ್ಲಿ ದಿನಾಂಕ ಬರೆದ ಚೀಟಿಯೊಡನೆ ಇಟ್ಟು, ಮರುದಿನವೇ ಮುಗಿಸುವುದು ಲೇಸು. ಮುಗಿಯದಿದ್ದರೆ ಗೊಬ್ಬರಗುಂಡಿ ಇದೆ, ತೋಟಕ್ಕೆ ಸಲ್ಲುತ್ತದೆ. ಇಂಥ ಮನೆಗಳ ಫ್ರಿಜ್ಜಿನಲ್ಲಿ ಇನ್‌ಸುಲಿನ್ ಕೂಡ ಇರುತ್ತದೆ. ಬಳಸದ ಇನ್‌ಸುಲಿನ್ನಿಗೆ ಎರಡರಿಂದ ಎಂಟು ಡಿಗ್ರಿ ಬೇಕು. ಫ್ರೀಜರಿಗೆ ತಾಗಿದಂತೆ ಇಟ್ಟು ಅದು ಒಮ್ಮೆ ಹೆಪ್ಪುಗಟ್ಟಿತೋ, ಕರಗಿದ ಮೇಲೂ ನಿಷ್ಪ್ರಯೋಜಕ. ನಡುವಿನ ತಟ್ಟು ಅದಕ್ಕೆ ತಕ್ಕ ಜಾಗ. ಬಾಗಿಲಿನ ಗೂಡು ಪ್ರತಿ ಸಲವೂ ಹೊರಗಿನ ಬಿಸಿಗೆ ತೆರೆದುಕೊಳ್ಳುತ್ತದೆ. ಬಳಕೆಯಲ್ಲಿರುವ ಬಾಟಲಿ ಸೆಕೆಯಿಲ್ಲದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ಕರೆಂಟು ಹೋಯಿತೆಂದು ಗಾಬರಿಯಾಗಿ ಮಂಜುಗಡ್ಡೆಯಲ್ಲಿ ಹೂತಿಡುವುದು ಬೇಡ.

ತೊಳೆಯುವ ವಿಧಾನಕ್ಕೆ ಹೆಚ್ಚು ಮಾತು ಬೇಡ. ತಿಂಗಳಿಗೊಮ್ಮೆ, ಒಳಗೆ ಸಾಮಾನು ಕಡಿಮೆಯಿರುವ ದಿನ, ಪ್ಲಗ್ ಕಿತ್ತು ಎಲ್ಲವನ್ನೂ ಹೊರತೆಗೆಯಿರಿ. ಗಾಜಿನ ತಟ್ಟುಗಳು ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ತಣ್ಣನೆಯ ಗಾಜಿಗೆ ಬಿಸಿನೀರು ಬಿದ್ದರೆ ಸೀಳುತ್ತದೆ. ಒಂದು ಲೀಟರು ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡ ಸಾಕು. ವಾಸನೆಯ ಸಾಬೂನು ಬೇಡ, ಬೆಣ್ಣೆ ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಬಾಗಿಲಿನ ರಬ್ಬರು ಪಟ್ಟಿಯ ಮಡಿಕೆಗಳಲ್ಲಿ ಕಪ್ಪಾಗಿ ಕೂರುವ ಬೂಷ್ಟನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಒಣಬಟ್ಟೆಯಿಂದ ಒರಸಬೇಕು. ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಲು ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಪಟ್ಟಿ ಸಡಿಲಾಗಿದೆ, ತಂಪು ಹಗಲಿರುಳೂ ಸೋರುತ್ತಿದೆ ಎಂದರ್ಥ. ಹಸಿ ತರಕಾರಿ ಕೆಳಗೆ, ಬೇಯಿಸಿದ್ದು ಮೇಲೆ. ಮಡಿ ಮುಸುರೆಯ ನೇಮ ಬಲ್ಲವರಿಗೆ ಈ ಬೇರ್ಪಡೆಯನ್ನು ವಿವರಿಸಬೇಕಿಲ್ಲ.

ಮಕ್ಕಳ ಮನೆಗೆಂದು ಎರಡು ತಿಂಗಳು ಹೊರಟವರು ಫ್ರಿಜ್ಜನ್ನು ಬರಿದು ಮಾಡಿ, ತೊಳೆದು, ಪೂರ್ತಿ ಒಣಗಿಸಿ, ಪ್ಲಗ್ ಕಿತ್ತು, ಹಿಂದಿನ ತಟ್ಟೆಯನ್ನೂ ಒರಸಿ, ಬಾಗಿಲಿನ ಸಂದಿಗೆ ಮಡಿಸಿದ ಬಟ್ಟೆಯೊಂದನ್ನು ಇಟ್ಟು ಹೋಗಬೇಕು. ಮುಚ್ಚಿಟ್ಟು ಹೋದರೆ ಬೂಷ್ಟಿನ ತೋಟವೇ ಎದುರುಗೊಳ್ಳುತ್ತದೆ. ಕೆಟ್ಟು ಕೊಟ್ಟಿಗೆ ಸೇರಿದ ಹಳೆಯ ಫ್ರಿಜ್ಜಿನ ಬಾಗಿಲನ್ನು ಮಾತ್ರ ಕಳಚಿಯೇ ಇಡಬೇಕು. ಬೇಸಗೆಯ ರಜೆಗೆ ಮನೆ ತುಂಬ ಬರುವ ಮೊಮ್ಮಕ್ಕಳ ಕಣ್ಣಾಮುಚ್ಚಾಲೆಗೆ ಅಡಗುವ ಜಾಗಗಳು ಬೇಕಾದಷ್ಟಿವೆ. ಒಳಗಿನಿಂದ ತೆರೆಯಲು ಬಾರದ ಪೆಟ್ಟಿಗೆ ಅದರಲ್ಲೊಂದು ಆಗಕೂಡದು.