ಚಿಗರೆಯನ್ನು ಕಾಣಲು ಎಂಥ ದುರ್ಬೀನು ಬೇಕು?

ಹಿಂಗಾರಿ ಪೈರು ಮೊಳೆತು ನಾಲ್ಕೆಲೆ ಬಿಡುವ ಕಾಲದಲ್ಲಿ ಕೊಪ್ಪಳ, ಕುಕನೂರು, ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವೆ ಮುಂಜಾನೆ ಹಾದುಹೋಗುವವರಿಗೆ ಒಮ್ಮೊಮ್ಮೆ ದೂರದಲ್ಲಿ ಕಂದುಬಣ್ಣದ ಚುಕ್ಕೆಗಳ ಸಾಲೊಂದು ಕಾಣಸಿಗುತ್ತದೆ. ನಿಂತು ನೋಡಿದರೆ ಚುಕ್ಕೆಗಳು ಚಲಿಸುತ್ತವೆ. ಹತ್ತಿರ ಹೋದರೆ ನೆಗೆದು ಓಡಿ ಮರೆಯಾಗುತ್ತವೆ. ಇವೇ ನಮ್ಮ ಜನರು ಜಿಂಕೆಯೆಂದೂ ಚಿಗರಿಯೆಂದೂ ಕರೆಯುವ ಕೃಷ್ಣಮೃಗಗಳು. ಪ್ರಾಣಿಶಾಸ್ತ್ರದ ಪ್ರಕಾರ ಇವು ಜಿಂಕೆಯ ಕುಲಕ್ಕೆ ಸೇರಿದವಲ್ಲ, ಹುಲ್ಲೆಯ ಕುಲದವು. ಜಿಂಕೆಯ ಕವಲುಗೊಂಬು ವರ್ಷವರ್ಷವೂ ಉದುರಿ ಮತ್ತೆ ಬೆಳೆಯುತ್ತದೆ. ಹುಲ್ಲೆಯ ಕೊಂಬಾದರೋ ಕವಲಿಲ್ಲದೆ ಜೀವಮಾನವಿಡೀ ಉಳಿಯುತ್ತದೆ.

ಮನುಷ್ಯನು ಈ ಮೃಗಗಳನ್ನು ದೂರದಿಂದ ಗುರುತಿಸಲು ಕಲಿತದ್ದು ಬೇಟೆಗಾಗಿ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಬರೆದಿಟ್ಟ ಚಿತ್ರಗಳಲ್ಲಿ ಬೇಟೆಯ ದೃಶ್ಯಗಳೂ ಉಂಟು. ಮೊಗಲ ಬಾದಶಹರು ಪಳಗಿಸಿದ ಚೀತಾಗಳನ್ನು ಹುಲ್ಲೆಯ ಮೇಲೆ ಬಿಡುತ್ತಿದ್ದರು. ಆ ಕಾಲ ಕಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗವನ್ನು ತನ್ನ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿದೆ. ಅದನ್ನು ಕೊಲ್ಲುವುದು ಸೆರೆಮನೆಯ ಶಿಕ್ಷೆಗೆ ಗುರಿಮಾಡುವ ಅಪರಾಧ. ಆದರೆ ಬೇಟೆಗಾರನಿಗೆ ಬೇಕಾಗಿದ್ದ ಒಂದು ಉಪಕರಣವು ಇಂದಿಗೂ ನಮಗೆ ಬೇಕು. ಪರವಾನಗಿಯಿಂದ ಜಿಂಕೆಯ ಬೇಟೆ ನಡೆಯುವ ದೇಶಗಳಲ್ಲಿ ಜಾಣ ಬೇಟೆಗಾರನು ಕೋವಿಯನ್ನೆತ್ತುವ ಮೊದಲು ದುರ್ಬೀನನ್ನು ಎತ್ತುತ್ತಾನೆ. ಎದುರಿಗಿರುವುದು ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ ಎಂಬುದನ್ನು ಮೊದಲು ತಿಳಿಯುತ್ತಾನೆ. ಎಣಿಸಲು ಹೊರಟ ವಿದ್ಯಾರ್ಥಿಗೆ ತಿಳಿಯಬೇಕಾದದ್ದೂ ಅದೇ. ಆದುದರಿಂದ ದುರ್ಬೀನಿನ ಆಯ್ಕೆಯ ನಿಯಮಗಳು ಇಬ್ಬರಿಗೂ ಒಂದೇ. ಅವು ಭೌತಶಾಸ್ತ್ರದ ನಿಯಮಗಳು.

ಎರಡು ಅಂಕಿಗಳ ಅರ್ಥ

ಪ್ರತಿಯೊಂದು ದುರ್ಬೀನಿನ ಮೇಲೂ 8×42, 10×50 ಎಂಬಂತೆ ಎರಡು ಅಂಕಿಗಳನ್ನು ಕೆತ್ತಿರುತ್ತಾರೆ. ಮೊದಲನೆಯದು ವರ್ಧನ, ಎಂದರೆ 800 ಮೀಟರು ದೂರದಲ್ಲಿರುವ ಪ್ರಾಣಿಯು 8 ಪಟ್ಟು ವರ್ಧನದ ದುರ್ಬೀನಿನಲ್ಲಿ 100 ಮೀಟರು ದೂರದಲ್ಲಿ ನಿಂತಂತೆ ತೋರುತ್ತದೆ. ಎರಡನೆಯದು ಮುಂದಿನ ಗಾಜು, ಅಂದರೆ ವಸ್ತುಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಬೆಳಕು ಒಳಬರುವ ಬಾಗಿಲು ಅದು. ಕೊಳ್ಳುವವರಲ್ಲಿ ಅನೇಕರು ಮೊದಲನೆಯ ಅಂಕಿಗೆ ಮಾತ್ರ ಮರುಳಾಗುತ್ತಾರೆ. ಅಗ್ಗದ ದುರ್ಬೀನುಗಳ ಮೇಲೆ 30, 50 ಎಂಬ ದೊಡ್ಡ ಅಂಕಿಗಳು ರಾರಾಜಿಸುವುದು ಈ ದೌರ್ಬಲ್ಯವನ್ನು ಬಲ್ಲವರಿಂದಲೇ. ಹೆಚ್ಚು ಹಿಗ್ಗಿಸಿದಷ್ಟೂ ಹೆಚ್ಚು ಕಾಣುತ್ತದೆಯೆಂಬ ಈ ನಂಬಿಕೆಯನ್ನು ಸ್ವಲ್ಪ ಲೆಕ್ಕಕ್ಕೆ ಒಡ್ಡಿ ನೋಡೋಣ.

ವರ್ಧನ ಎಷ್ಟಿರಬೇಕು?

ಬಲಿತ ಗಂಡು ಚಿಗರೆಯ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಅದನ್ನು ಗುರುತಿಸುವುದು ಸುಲಭ. ಆದರೆ ಎಳೆಯ ಗಂಡಿನ ಮೈಬಣ್ಣ ಹೆಣ್ಣಿನಂತೆಯೇ ಕಂದು. ಅದನ್ನು ಹೆಣ್ಣಿನಿಂದ ಬೇರ್ಪಡಿಸುವ ಗುರುತು ಕೊಂಬು ಒಂದೇ. ಕೊಂಬಿನ ದಪ್ಪ ಸುಮಾರು 3 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಬಿಡಿಸಿ ನೋಡಬಲ್ಲ ಅತ್ಯಂತ ಕಿರಿಯ ಕೋನವು ಒಂದು ಡಿಗ್ರಿಯ 60ನೆಯ ಒಂದು ಪಾಲು. 3 ಸೆಂಟಿಮೀಟರಿನ ವಸ್ತುವು ಇಷ್ಟು ಕೋನವನ್ನು ಮಾಡುವುದು ಸುಮಾರು 100 ಮೀಟರು ದೂರದಲ್ಲಿ. ಬರಿಗಣ್ಣಿನಿಂದ ಕೊಂಬನ್ನು ಕಾಣಲು ಅಷ್ಟು ಹತ್ತಿರ ಹೋಗಬೇಕಾಯಿತು; ಅಷ್ಟರೊಳಗೆ ಹಿಂಡು ಓಡಿರುತ್ತದೆ. 8 ಪಟ್ಟು ವರ್ಧನದ ದುರ್ಬೀನಿನಲ್ಲಿ ಈ ದೂರವು 800 ಮೀಟರಿಗೆ ಏರುತ್ತದೆ. ಗಾಳಿಯ ಕಲಕಾಟಕ್ಕೂ ಕೈಯ ನಡುಕಕ್ಕೂ ಅದರಲ್ಲಿ ಧಾರಾಳವಾಗಿ ಕಳೆದರೂ ಅರ್ಧ ಕಿಲೋಮೀಟರು ದೂರದಿಂದ ಕೊಂಬು ಕಾಣದೆ ಇರದು. ಬಯಲು ಸೀಮೆಯಲ್ಲಿ ಹಿಂಡನ್ನು ಬೆದರಿಸದೆ ನೋಡಲು ಇಷ್ಟು ಸಾಕು.

ಹಾಗಾದರೆ 20 ಪಟ್ಟು ಹಿಗ್ಗಿಸುವುದು ಇನ್ನೂ ಒಳ್ಳೆಯದಲ್ಲವೇ? ಅಲ್ಲ. ದುರ್ಬೀನು ಪ್ರಾಣಿಯನ್ನು ಹಿಗ್ಗಿಸುವಂತೆ ನಮ್ಮ ಕೈನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. 8 ಪಟ್ಟಿನವರೆಗೆ ಹೆಚ್ಚಿನವರ ಕೈ ನಿಭಾಯಿಸುತ್ತದೆ. 10 ಪಟ್ಟಿಗೆ ಅಭ್ಯಾಸ ಬೇಕು. ಅದಕ್ಕೂ ಮೀರಿದರೆ ಮುಕ್ಕಾಲಿಯೇ ಬೇಕು. ನಡುಗುವ ಬಿಂಬದಲ್ಲಿ ಕೊಂಬಿನಂಥ ಸಣ್ಣ ವಿವರವೇ ಮೊದಲು ಅಳಿಸಿಹೋಗುವುದು. ಇನ್ನೊಂದು ನಷ್ಟವೂ ಉಂಟು. ವರ್ಧನ ಹೆಚ್ಚಿದಂತೆ ಕಣ್ಣಿಗೆ ಬೀಳುವ ಹರವು ಕಿರಿದಾಗುತ್ತದೆ. 1000 ಮೀಟರು ದೂರದಲ್ಲಿ ಸಾಮಾನ್ಯ 8×42 ದುರ್ಬೀನು ಸುಮಾರು 130 ಮೀಟರು ಅಗಲದ ನೆಲವನ್ನು ತೋರಿಸಿದರೆ, 20 ಪಟ್ಟಿನದು ಸುಮಾರು 55 ಮೀಟರನ್ನು ತೋರಿಸುತ್ತದೆ. ಗಿಡವಿಲ್ಲ, ಗುಡ್ಡವಿಲ್ಲ, ಎಲ್ಲೆಲ್ಲೂ ಒಂದೇ ಬಗೆಯ ಎರೆಹೊಲ. ಇಂಥ ಕಡೆ ಕಿರಿದಾದ ಹರವಿನಲ್ಲಿ ಓಡುವ ಹಿಂಡನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಹಿಡಿಯುವುದು ಕಷ್ಟ.

ಮುಂಜಾವಿನ ಬೆಳಕು

ಚಿಗರೆಗಳು ಹೆಚ್ಚಾಗಿ ಮೇಯುವುದು ಬೆಳಗ್ಗೆ ಮತ್ತು ಸಂಜೆ. ಆಗ ಬೆಳಕು ಕಡಮೆ. ಆದುದರಿಂದ ಎರಡನೆಯ ಅಂಕಿಯನ್ನು ಅಲಕ್ಷಿಸುವಂತಿಲ್ಲ. ದುರ್ಬೀನನ್ನು ಒಂದು ಮೊಳ ದೂರದಲ್ಲಿ ಹಿಡಿದು ಅದರ ನೇತ್ರಮಸೂರವನ್ನು ಬೆಳ್ಳನೆಯ ಆಕಾಶದ ಎದುರಿಗೆ ನೋಡಿದರೆ ಗಾಜಿನ ನಡುವೆ ಬೆಳಗುವ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ದುರ್ಬೀನಿನೊಳಗೆ ಹೊಕ್ಕ ಬೆಳಕೆಲ್ಲವೂ ಹೊರಬರುವ ದ್ವಾರ ಇದು. ಇದರ ವ್ಯಾಸವನ್ನು ತಿಳಿಯಲು ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಸಾಕು. 8×42ರಲ್ಲಿ ಇದು 5.25 ಮಿಲಿಮೀಟರು, 10×42ರಲ್ಲಿ 4.2, 20×50ರಲ್ಲಿ 2.5 ಮಾತ್ರ.

ಇನ್ನು ಕಣ್ಣಿನ ಪಾಪೆಯ ವಿಚಾರ. ಹಗಲಿನ ಬೆಳಕಿನಲ್ಲಿ ಅದು 2 ಅಥವಾ 3 ಮಿಲಿಮೀಟರಿಗೆ ಕಿರಿದಾಗುತ್ತದೆ. ಕತ್ತಲಲ್ಲಿ ತರುಣರ ಪಾಪೆ 7 ಮಿಲಿಮೀಟರಿನವರೆಗೂ ಅರಳುತ್ತದೆ. ನಸುಕಿನಲ್ಲಿ ಪಾಪೆಯು 5 ಮಿಲಿಮೀಟರಿನಷ್ಟು ತೆರೆದಿದೆಯೆಂದು ಭಾವಿಸೋಣ. 8×42 ದುರ್ಬೀನು ಅದನ್ನು ಪೂರ್ತಿಯಾಗಿ ತುಂಬುತ್ತದೆ. 20×50 ದುರ್ಬೀನಿನ ಬಿಲ್ಲೆಯ ವ್ಯಾಸ ಅರ್ಧದಷ್ಟು, ಆದುದರಿಂದ ವಿಸ್ತೀರ್ಣ ಕಾಲುಭಾಗ. ಬಿಂಬದ ಬೆಳಗೂ ಕಾಲುಭಾಗಕ್ಕೆ ಇಳಿಯುತ್ತದೆ. ಬೆಳೆ, ಮಣ್ಣು, ಮೈ ಎಲ್ಲವೂ ಒಂದೇ ಮಸುಕಾಗುತ್ತವೆ. ಜರ್ಮನಿಯ ಬೇಟೆಗಾರರು ಮುಸ್ಸಂಜೆಯ ಬೇಟೆಗೆ ಭಾರವಾದ 8×56 ದುರ್ಬೀನನ್ನು ಮೆಚ್ಚಿದ್ದರ ಕಾರಣವೂ ಇದೇ. ಅದರ ಬಿಲ್ಲೆ 7 ಮಿಲಿಮೀಟರು. ನಡುಹಗಲಿನಲ್ಲಾದರೋ ಈ ಹೆಚ್ಚಳ ವ್ಯರ್ಥ. ಪಾಪೆಗಿಂತ ದೊಡ್ಡದಾದ ಬಿಲ್ಲೆಯ ಬೆಳಕು ಕಣ್ಣಿನ ಹೊರಗೇ ಚೆಲ್ಲಿಹೋಗುತ್ತದೆ.

ಒಳಗಿನ ಪಟ್ಟಕ, ಮೇಲಿನ ಲೇಪ

ಎರಡು ಮಸೂರಗಳ ಸರಳ ದೂರದರ್ಶಕವು ವಸ್ತುವನ್ನು ತಲೆಕೆಳಗಾಗಿ ತೋರಿಸುತ್ತದೆ. ಅದನ್ನು ನೆಟ್ಟಗೆ ಮಾಡುವ ಕೆಲಸವನ್ನು ಪ್ರಿಸಮ್ ಎನ್ನುವ ಗಾಜಿನ ಪಟ್ಟಕಗಳು ಮಾಡುತ್ತವೆ. ಇಟಲಿಯ ಇಗ್ನಾಜಿಯೋ ಪೊರ್ರೋ 1854ರಲ್ಲಿ ಈ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಎರ್ನ್ಸ್ಟ್ ಆಬೆಯ ಮಾರ್ಗದರ್ಶನದಲ್ಲಿ ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯು 1894ರಲ್ಲಿ ಪಟ್ಟಕಗಳುಳ್ಳ ಒಳ್ಳೆಯ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ಕೊಳವೆಗಳು ಹೆಗಲಿನಂತೆ ಅಡ್ಡಕ್ಕೆ ಸರಿದಿದ್ದರೆ ಅದು ಪೊರ್ರೋ ಮಾದರಿ. ನೆಟ್ಟಗೆ ಕೊಳಲಿನಂತಿದ್ದರೆ ಸಾಮಾನ್ಯವಾಗಿ ಚಾವಣಿ ಪಟ್ಟಕದ ಮಾದರಿ. ಎರಡನೆಯದು ಹಗುರ, ಕೈಗೆ ಅನುಕೂಲ; ಆದರೆ ಅದನ್ನು ತಯಾರಿಸಲು ಹೆಚ್ಚಿನ ನಿಖರತೆ ಬೇಕು. ಆದುದರಿಂದ ಅಲ್ಪಬೆಲೆಯಲ್ಲಿ ಕೊಳ್ಳುವ ವಿದ್ಯಾರ್ಥಿಗೆ ಪೊರ್ರೋ ಮಾದರಿಯೇ ಲಾಭಕರ.

ಪಟ್ಟಕದೊಳಗೆ ಬೆಳಕು ಸಂಪೂರ್ಣ ಆಂತರಿಕ ಪ್ರತಿಫಲನದಿಂದ ತಿರುಗುತ್ತದೆ. ಬಿಕೆ-7 ಎಂಬ ಸಾಮಾನ್ಯ ಗಾಜಿನಲ್ಲಿ ಇದಕ್ಕೆ ಬೇಕಾದ ಸಂದಿಗ್ಧಕೋನ 41.2 ಡಿಗ್ರಿ, ಬಾಕ್-4 ಎಂಬ ಗಾಜಿನಲ್ಲಿ 39.6 ಡಿಗ್ರಿ. ಪಟ್ಟಕದ ಮುಖವು 45 ಡಿಗ್ರಿಯಲ್ಲಿದ್ದರೂ ಅಂಚಿನ ಕಿರಣಗಳು ಓರೆಯಾಗಿ ಬರುವುದರಿಂದ ಮೊದಲನೆಯ ಗಾಜಿನಲ್ಲಿ ಅವುಗಳಲ್ಲಿ ಕೆಲವು ಸೋರಿಹೋಗುತ್ತವೆ. ಆಗ ನಾವು ಮೇಲೆ ಹೇಳಿದ ಬೆಳಕಿನ ಬಿಲ್ಲೆಯು ದುಂಡಗಿರದೆ, ಅಂಚು ಮಬ್ಬಾಗಿ ಚೌಕದಂತೆ ಕಾಣುತ್ತದೆ. ಅಂಗಡಿಯಲ್ಲಿ ನಿಂತೇ ಈ ಪರೀಕ್ಷೆಯನ್ನು ಮಾಡಬಹುದು.

ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಉಳಿಯುವುದು ಮೂರರಲ್ಲಿ ಎರಡು ಪಾಲು ಮಾತ್ರ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದ ತೆಳುಲೇಪವು ಈ ನಷ್ಟವನ್ನು ತಗ್ಗಿಸಿತು; ಇಂದಿನ ಬಹುಪದರ ಲೇಪವು ಅದನ್ನು ಇನ್ನೂ ಅತ್ಯಲ್ಪ ಮಾಡಿದೆ. ವಸ್ತುಮಸೂರದಲ್ಲಿ ದೀಪದ ಪ್ರತಿಬಿಂಬವನ್ನು ನೋಡಿರಿ. ಅದು ಮಂದವಾದ ಹಸುರು ಅಥವಾ ನೇರಳೆಯಾಗಿದ್ದರೆ ಲೇಪವುಂಟು. ಬೆಳ್ಳಗೆ ಹೊಳೆದರೆ ಇಲ್ಲ. ಕನ್ನಡಿಯಂತೆ ಕೆಂಪಗೆ ಥಳಥಳಿಸುವ ಗಾಜು ನೋಟಕ್ಕೆ ಆಕರ್ಷಕವೇ ಹೊರತು ನೋಡುವುದಕ್ಕೆ ಒಳ್ಳೆಯದಲ್ಲ. ಅದು ಕೆಂಪು ಬೆಳಕನ್ನು ಹೊರಗಟ್ಟಿ ಬಣ್ಣವನ್ನು ಕೆಡಿಸುತ್ತದೆ.

ಉಳಿದ ಪರೀಕ್ಷೆಗಳು ಸುಲಭ. ದೂರದ ವಿದ್ಯುತ್ ತಂತಿಯನ್ನು ನೋಡಿರಿ. ಅಂಚಿನಲ್ಲಿ ಬಣ್ಣದ ಗೆರೆ ದಟ್ಟವಾಗಿದ್ದರೆ ಮಸೂರ ಕೀಳು. ಒಂದು ತಂತಿ ಎರಡಾಗಿ ಕಂಡರೆ ಕೊಳವೆಗಳು ಸಮಾಂತರವಾಗಿಲ್ಲ. ಅಂಥದ್ದು ತಲೆನೋವಿಗೆ ಮೂಲ. ಕನ್ನಡಕ ಹಾಕುವವರು, ಕಣ್ಣು 15 ಮಿಲಿಮೀಟರು ಅಥವಾ ಹೆಚ್ಚು ಹಿಂದಿದ್ದರೂ ಪೂರ್ಣ ಹರವು ಕಾಣುವಂಥದ್ದನ್ನೇ ಆರಿಸಬೇಕು. ನಮ್ಮ ಸೀಮೆಯ ಧೂಳಿಗೂ ಮಳೆಗೂ ಒಳಗೆ ನೈಟ್ರೋಜನ್ ತುಂಬಿ ಬಿಗಿಮಾಡಿದ ದುರ್ಬೀನು ಮೇಲು. ಯಾವ ದುರ್ಬೀನಿನಿಂದಲೂ ಸೂರ್ಯನನ್ನು ಮಾತ್ರ ನೋಡಬಾರದು. ಒಂದು ಕ್ಷಣದಲ್ಲಿ ಅಕ್ಷಿಪಟ ಸುಟ್ಟುಹೋದೀತು. ಹಿಂಡು ಉದಯಸೂರ್ಯನ ದಿಕ್ಕಿನಲ್ಲಿದ್ದರೆ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಬಿಸಿಲ್ಗುದುರೆಯ ಅಡ್ಡಿ

ಎಷ್ಟು ಹಣ ಕೊಟ್ಟರೂ ಯಾವ ದುರ್ಬೀನೂ ಗೆಲ್ಲಲಾರದ ಶತ್ರುವೊಂದುಂಟು. ಬೇಸಗೆಯ ಹಗಲಿನಲ್ಲಿ ಕರಿನೆಲ ಕಾದು ಅದಕ್ಕೆ ಹತ್ತಿದ ಗಾಳಿಯೂ ಕಾಯುತ್ತದೆ. ಬಿಸಿಗಾಳಿಯ ಸಾಂದ್ರತೆ ಕಡಮೆ, ವಕ್ರೀಭವನ ಸೂಚ್ಯಂಕವೂ ಕಡಮೆ. ಬಿಸಿಗಾಳಿ ಮೇಲಕ್ಕೇಳುತ್ತ ತಣ್ಣನೆಯದು ಕೆಳಗಿಳಿಯುತ್ತ ಇರುವಾಗ ಅವುಗಳ ಮೂಲಕ ಬರುವ ಕಿರಣಗಳು ಕ್ಷಣಕ್ಷಣಕ್ಕೂ ಬಾಗುತ್ತವೆ. ಚಿಗರೆಯ ಕಾಲುಗಳು ನೀರಿನಲ್ಲಿ ಕರಗಿದಂತೆ ತೋರುತ್ತವೆ. ಇಲ್ಲದ ನೀರು ಇದ್ದಂತೆ ಹೊಳೆಯುತ್ತದೆ. ನಮ್ಮ ಹಿರಿಯರು ಬಿಸಿಲ್ಗುದುರೆಯೆಂದು ಕರೆದದ್ದು ಇದನ್ನೇ. ಸಂಸ್ಕೃತದಲ್ಲಿ ಇದರ ಹೆಸರು ಮೃಗತೃಷ್ಣೆ, ಅಂದರೆ ಮೃಗದ ಬಾಯಾರಿಕೆ. ದುರ್ಬೀನು ಈ ಕಲಕಾಟವನ್ನೂ ಹಿಗ್ಗಿಸುತ್ತದೆಯಾದ್ದರಿಂದ ದೊಡ್ಡ ವರ್ಧನದಿಂದ ಆಗ ಏನೂ ಪ್ರಯೋಜನವಿಲ್ಲ. ಬಿಸಿಲೇರುವ ಮೊದಲಿನ ಒಂದೆರಡು ಗಂಟೆಗಳೇ ನೋಡಲು ತಕ್ಕ ಕಾಲ.

ನೋಡಿ ಮಾಡುವುದೇನು?

ಗಂಗಾವತಿಯ ಕಲ್ಲುಗುಡ್ಡಗಳ ಕಡೆಯವರಿಗೆ ಈ ಉಪಕರಣದ ಉಪಯೋಗ ಬೇರೆ ಬಗೆಯದು. ಅಲ್ಲಿ ಕರಡಿ, ಚಿರತೆಗಳುಂಟು. ಸಂಜೆ ಬಂಡೆಗಳ ನಡುವೆ ಕದಲುವ ಕಪ್ಪು ಆಕೃತಿ ಯಾವುದೆಂದು ದೂರದಿಂದಲೇ ತಿಳಿಯುವುದು ಪ್ರಾಣರಕ್ಷಣೆಗೂ ಒಳ್ಳೆಯದು. ಕುಷ್ಟಗಿ, ಯಲಬುರ್ಗಾಗಳ ಬಯಲಿನವರಿಗೆ ಪ್ರಶ್ನೆ ಬೇರೆ. ಚಿಗರೆಯ ಹಿಂಡು ಎಳೆಯ ಪೈರನ್ನು ಮೇಯುತ್ತದೆ. ಬೆದರಿದರೆ ಮೇಯ್ದದ್ದಕ್ಕಿಂತ ಹೆಚ್ಚನ್ನು ತುಳಿಯುತ್ತದೆ. ರೈತನ ನಷ್ಟ ಸಣ್ಣದಲ್ಲ, ಅವನ ಸಿಟ್ಟು ಸುಳ್ಳಲ್ಲ. ಅತ್ತ ಮೃಗಕ್ಕೂ ಬೇರೆ ನೆಲೆಯಿಲ್ಲ. ಅದು ಮೇಯ್ದು ಬೆಳೆದ ಹುಲ್ಲುಗಾವಲುಗಳು ಹೊಲಗಳಾಗಿವೆ. ಪರಿಹಾರದ ಮಾತಾಗಲಿ ರಕ್ಷಣೆಯ ಮಾತಾಗಲಿ ಮೊದಲಾಗಬೇಕಾದದ್ದು ನಿಜವಾದ ಲೆಕ್ಕದಿಂದ. ಹಿಂಡಿನಲ್ಲಿ ಎಷ್ಟಿವೆ, ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು, ಯಾವ ತಿಂಗಳು ಯಾವ ಹೊಲಕ್ಕೆ ಬರುತ್ತವೆ ಎಂಬುದನ್ನು ಊಹಿಸಿ ಹೇಳುವುದಕ್ಕೂ ಎಣಿಸಿ ಹೇಳುವುದಕ್ಕೂ ಅಜಗಜಾಂತರ.

ಈ ಕೆಲಸವನ್ನು ನಮ್ಮ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಲ್ಲರು. ಒಂದು 8×42 ದುರ್ಬೀನನ್ನು ನಾಲ್ಕೈದು ಮಂದಿ ಕೂಡಿ ಕೊಂಡರೂ ಸಾಕು. ಹೊಲದ ಒಡೆಯರ ಒಪ್ಪಿಗೆ ಪಡೆದು ಬದುವಿನ ಮೇಲೆ ಕುಳಿತು, ಮೊಣಕೈಗಳನ್ನು ಮೊಣಕಾಲಿಗೆ ಊರಿ, ಅಥವಾ ಬೇವಿನ ಮರಕ್ಕೆ ಒರಗಿ ನೋಡಿರಿ. ನಡುಕ ಅರ್ಧ ಇಳಿಯುತ್ತದೆ. ಮೊದಲು ಎಡಗಣ್ಣಿಗೆ ನಡುವಿನ ಚಕ್ರವನ್ನು ತಿರುಗಿಸಿ ಸ್ಫುಟಗೊಳಿಸಿ, ಅನಂತರ ಬಲಗಣ್ಣಿಗೆ ಅದರ ಬಳೆಯನ್ನು ಹೊಂದಿಸಿಕೊಳ್ಳಿರಿ. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಮೂರು ಸಲ ಎಣಿಸಿ ನಡುವಣ ಅಂಕಿಯನ್ನು ತೆಗೆದುಕೊಳ್ಳಿರಿ. ಪ್ರತಿ ತಿಂಗಳೂ ಅದೇ ಜಾಗದಿಂದ, ಅದೇ ಹೊತ್ತಿನಲ್ಲಿ ಎಣಿಸಿರಿ. ಒಂದು ವರ್ಷ ಕಳೆದ ಮೇಲೆ ಹನ್ನೆರಡು ಸಾಲುಗಳ ಆ ಪಟ್ಟಿಯು ರೈತನ ಮುಂದೆಯೂ ಅರಣ್ಯ ಇಲಾಖೆಯ ಮುಂದೆಯೂ ಧೈರ್ಯವಾಗಿ ಇಡಬಹುದಾದ ಸಾಕ್ಷ್ಯವಾಗುತ್ತದೆ.