ಕಲ್ಲಿನೊಳಗಿನ ಮೂಳೆಗೆ ಕೈನೀಡುವವರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ನೀರಿಗೆ ಬರವಿರಬಹುದು, ಕಲ್ಲಿಗಂತೂ ಬರವಿಲ್ಲ. ನಂದಿ, ಸ್ಕಂದಗಿರಿಯ ಬೆಟ್ಟಗಳಿಂದ ಹಿಡಿದು ಹೊಲದ ಬದುವಿನಲ್ಲಿ ಬಿದ್ದಿರುವ ಗುಂಡುಗಳವರೆಗೆ ಕಣ್ಣು ಹಾಯಿಸಿದಲ್ಲೆಲ್ಲ ಕಲ್ಲೇ. ಆದರೆ ಈ ಬೆಟ್ಟಗಳ ಕಲ್ಲನ್ನು ಎಷ್ಟು ಒಡೆದರೂ ಅದರಲ್ಲಿ ಒಂದೇ ಒಂದು ಪಳೆಯುಳಿಕೆ ದೊರೆಯದು. ವಸ್ತುಸಂಗ್ರಹಾಲಯಗಳಲ್ಲಿ ಡೈನೊಸಾರ್ ಅಸ್ಥಿಪಂಜರವನ್ನೋ ಕಲ್ಲಾದ ಮರವನ್ನೋ ಕಂಡು ಬೆರಗಾಗಿ ಮರಳುವ ಇಲ್ಲಿನ ಶಾಲಾ ಮಕ್ಕಳು, ಅಂಥದ್ದು ನಮ್ಮ ಬೆಟ್ಟದಲ್ಲೇಕೆ ಇಲ್ಲ ಎಂದು ಕೇಳುವುದು ಸಹಜ.

ಉತ್ತರ ಕಲ್ಲಿನ ಹುಟ್ಟಿನಲ್ಲಿದೆ. ಸತ್ತ ಪ್ರಾಣಿಯೋ ಸಸ್ಯವೋ ಕೊಳೆತು ಹೋಗುವ ಮೊದಲೇ ಕೆಸರು, ಮರಳು ಅಥವಾ ಸುಣ್ಣದ ಹೂಳಿನಡಿ ಹುದುಗಿದರೆ, ಆ ಹೂಳು ಪದರ ಪದರವಾಗಿ ಗಟ್ಟಿಗೊಂಡು ಶಿಲೆಯಾಗುವಾಗ ಅದರ ಮೂಳೆ, ಚಿಪ್ಪು ಅಥವಾ ಅಚ್ಚು ಉಳಿದುಕೊಳ್ಳುತ್ತದೆ. ಚಿಕ್ಕಬಳ್ಳಾಪುರದ ಸುತ್ತಲಿನ ಗ್ರಾನೈಟ್ ಭೂಮಿಯ ಒಡಲಿನಲ್ಲಿ ಕರಗಿದ್ದ ಶಿಲಾರಸ ನಿಧಾನವಾಗಿ ತಣಿದು ಉಂಟಾದದ್ದು. ನೈಸ್ ಎಂಬ ಪಟ್ಟೆ ಪಟ್ಟೆಯ ಕಲ್ಲು ಅಪಾರ ಶಾಖ ಮತ್ತು ಒತ್ತಡಕ್ಕೆ ಸಿಲುಕಿ ರೂಪ ಬದಲಿಸಿದ್ದು. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ ಮತ್ತು ಅದಕ್ಕೂ ಹೆಚ್ಚು. ಆಗ ಭೂಮಿಯ ಮೇಲೆ ಮೂಳೆಯಿದ್ದ ಜೀವಿಗಳೇ ಇರಲಿಲ್ಲ. ಕೆಲವೊಮ್ಮೆ ಕಲ್ಲಿನ ಬಿರುಕಿನಲ್ಲಿ ಜರೀಗಿಡದ ಎಲೆಯಂಥ ಕಪ್ಪು ಚಿತ್ತಾರ ಕಾಣುವುದುಂಟು. ನೋಡಿದವರು ಅದನ್ನು ಸಸ್ಯದ ಪಳೆಯುಳಿಕೆ ಎಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್‌ಗಳ ಕವಲು ಮಾತ್ರ.

ಹಾಗೆಂದು ಜೀವದ ಕುರುಹಿರುವ ಶಿಲೆಗಳೇನೂ ದೂರವಿಲ್ಲ. ಚಿಂತಾಮಣಿಯ ಮೂಡಲಿಗೆ, ಗಡಿಯಾಚೆಗೆ ಹರಡಿರುವ ಕಡಪ ಶಿಲಾಶ್ರೇಣಿಯ ವೇಂಪಲ್ಲಿ ಸ್ತರಗಳಲ್ಲಿ ಪ್ರಾಚೀನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿವೆ. ಇಲ್ಲಿನ ಹಲವು ಮನೆಗಳ ಅಡುಗೆಮನೆ ಕಟ್ಟೆಗೆ ಹಾಸಿರುವ ಕಪ್ಪು ಕಡಪ ಕಲ್ಲು ಅದೇ ಸೀಮೆಯಿಂದ ಲಾರಿಯೇರಿ ಬಂದದ್ದು. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸಸಾಗರದ ಬಳಿಯೂ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಮೂಳೆಯೇ ಬೇಕೆಂದರೆ ಉತ್ತರಕ್ಕೆ ಹೋಗಬೇಕು. ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ದಖನ್ನಿನ ಹೆಸರನ್ನೇ ಇಟ್ಟಿದ್ದರು.

ಪಳೆಯುಳಿಕೆ ಇಲ್ಲದ ಊರಿನವರಿಗೆ ಪಳೆಯುಳಿಕೆಯ ಕೆಲಸದಲ್ಲಿ ಪಾತ್ರವೇ ಇಲ್ಲವೆ? ಖಂಡಿತ ಇದೆ. ಏಕೆಂದರೆ ಈ ಕೆಲಸದಲ್ಲಿ ನೆಲ ಅಗೆಯುವುದು ಚಿಕ್ಕ ಪಾಲು. ದೊಡ್ಡ ಪಾಲು ನಡೆಯುವುದು ವಸ್ತುಸಂಗ್ರಹಾಲಯದ ಹಿಂಬದಿಯ ಕೊಠಡಿಗಳಲ್ಲಿ. ಜಗತ್ತಿನ ಹಲವೆಡೆ ಅಲ್ಲಿ ಕುಳಿತು ದುಡಿಯುವವರು ಸಂಬಳ ಪಡೆಯದ ಸ್ವಯಂಸೇವಕರು.

ಹೊಲದಲ್ಲಿ ದೊರೆತ ಮೂಳೆಯನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಕಲ್ಲಾಗಿದ್ದರೂ ಅದು ಬಿರುಕುಗಳಿಂದ ತುಂಬಿರುತ್ತದೆ. ಆದ್ದರಿಂದ ಸುತ್ತಲಿನ ಕಲ್ಲಿನ ಸಮೇತ ಗಡ್ಡೆಯಾಗಿ ಬಿಡಿಸಿ, ಗೋಣಿಬಟ್ಟೆಯನ್ನು ಪ್ಲಾಸ್ಟರ್‌ನಲ್ಲಿ ಅದ್ದಿ ಸುತ್ತುತ್ತಾರೆ. ಮುರಿದ ಕಾಲಿಗೆ ಆಸ್ಪತ್ರೆಯಲ್ಲಿ ಕಟ್ಟು ಹಾಕುವ ರೀತಿಯೇ ಇದು. ಈ ಗಡ್ಡೆಗಳು ಸಂಗ್ರಹಾಲಯ ತಲುಪಿದ ಮೇಲೆ ಕಟ್ಟು ಬಿಚ್ಚಿ, ದಂತವೈದ್ಯರು ಬಳಸುವಂಥ ಮೊನಚು ಸಲಕರಣೆಗಳಿಂದಲೂ ಗಾಳಿಯ ಒತ್ತಡದಿಂದ ಕಂಪಿಸುವ ಸಣ್ಣ ಉಳಿಗಳಿಂದಲೂ ಕಲ್ಲನ್ನು ಹುಡಿ ಹುಡಿಯಾಗಿ ತೆಗೆಯಬೇಕು. ಸಡಿಲವಾದ ಚೂರುಗಳನ್ನು ಅಂಟಿನಿಂದ ಭದ್ರಪಡಿಸಬೇಕು. ಒಂದು ತಲೆಬುರುಡೆಗೆ ತಿಂಗಳುಗಳೇ ಹಿಡಿಯಬಹುದು, ವರ್ಷವೂ ಆಗಬಹುದು. ಇನ್ನೊಂದು ಕಡೆ, ಜರಡಿ ಹಿಡಿದ ಮಣ್ಣನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಸಾಸಿವೆಗಾತ್ರದ ಹಲ್ಲುಗಳನ್ನು ಕುಂಚದ ತುದಿಯಿಂದ ಆರಿಸುವ ಕೆಲಸವಿದೆ. ಶಿಡ್ಲಘಟ್ಟದಲ್ಲಿ ಬೇಯಿಸಿದ ಗೂಡಿನಿಂದ ಕಣ್ಣಿಗೆ ಕಾಣದಂಥ ಎಳೆಯ ತುದಿಯನ್ನು ಹಿಡಿದೆಳೆಯುವ ರೇಷ್ಮೆ ನೂಲಿನ ಕಸುಬುದಾರರಿಗೆ ಈ ತಾಳ್ಮೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಈ ಕೆಲಸವನ್ನು ಗಾಜಿನ ಗೋಡೆಯ ಕೊಠಡಿಯೊಳಗೆ ಸ್ವಯಂಸೇವಕರು ಮಾಡುತ್ತಾರೆ, ಪ್ರೇಕ್ಷಕರು ಹೊರಗೆ ನಿಂತು ನೋಡುತ್ತಾರೆ. ಡೆನ್ವರ್ ನಗರದ ವಸ್ತುಸಂಗ್ರಹಾಲಯವು ಹವ್ಯಾಸಿಗಳಿಗೆ ತರಬೇತಿ ನೀಡಿ ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳುತ್ತದೆ. 2010ರಲ್ಲಿ ಕೊಲೊರಾಡೊದ ಸ್ನೋಮಾಸ್ ಬಳಿ ಜಲಾಶಯದ ಕಾಮಗಾರಿ ನಡೆಯುತ್ತಿದ್ದಾಗ ಹಿಮಯುಗದ ಆನೆಗಳ ಮೂಳೆ ಕಾಣಿಸಿಕೊಂಡವು. ಕಾಮಗಾರಿ ಮುಂದುವರಿಯುವ ಮುನ್ನ ಸಾವಿರಾರು ಮೂಳೆಗಳನ್ನು ಹೊರತೆಗೆಯಲು ಆ ಸಂಸ್ಥೆಗೆ ಸಾಧ್ಯವಾದದ್ದು ಇಂಥ ಪಳಗಿದ ಕೈಗಳು ಸಿದ್ಧವಾಗಿದ್ದುದರಿಂದಲೇ.

ಭಾರತದಲ್ಲಿ ಕೊಡುಗೆಯ ಕಥೆ ಹಳೆಯದು. 1851ರಲ್ಲಿ ಎಡ್ವರ್ಡ್ ಬಾಲ್ಫರ್ ಅವರ ಉಸ್ತುವಾರಿಯಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ ಆರಂಭವಾದದ್ದು ಮದರಾಸ್ ಲಿಟರರಿ ಸೊಸೈಟಿ ಒಪ್ಪಿಸಿದ ಸುಮಾರು 1,100 ಶಿಲಾ ಮಾದರಿಗಳಿಂದ. ಅದೇ ಬಾಲ್ಫರ್ 1865ರಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೂ ಅಡಿಪಾಯ ಹಾಕಿದರು. ಪಳೆಯುಳಿಕೆಯಿಲ್ಲದ ಬೆಂಗಳೂರಿನಲ್ಲಿ ಕುಳಿತೇ ಈ ವಿಜ್ಞಾನಕ್ಕೆ ಹೆಸರು ತಂದವರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಲ್. ರಾಮರಾವ್. ತಿರುಚಿರಾಪಳ್ಳಿ ಸೀಮೆಯ ಸುಣ್ಣಕಲ್ಲಿನಲ್ಲಿದ್ದ ಪಾಚಿಗಳ ಪಳೆಯುಳಿಕೆಗಳ ಕುರಿತು ಅವರು ವಿಯೆನ್ನಾದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ಜೂಲಿಯಸ್ ಪಿಯಾ ಅವರೊಡಗೂಡಿ 1936ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಲಖನೌದಲ್ಲಿ ಬೀರಬಲ್ ಸಾಹ್ನಿ ಇನ್ನೂ ಮುಂದೆ ಹೋದರು. 1946ರಲ್ಲಿ ಅವರು ಮತ್ತು ಪತ್ನಿ ಸಾವಿತ್ರಿ ಸಾಹ್ನಿ ತಮ್ಮ ಪಳೆಯುಳಿಕೆ ಸಂಗ್ರಹ, ಪುಸ್ತಕ ಭಂಡಾರ ಮತ್ತು ಆಸ್ತಿಯನ್ನು ಪ್ರಾಚೀನ ಸಸ್ಯಗಳ ಅಧ್ಯಯನ ಸಂಸ್ಥೆಗೆ ಧಾರೆಯೆರೆದರು. 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರೂ ಇಟ್ಟ ಅಡಿಗಲ್ಲಿನಲ್ಲಿಯೇ ನಾನಾ ದೇಶಗಳ ಪಳೆಯುಳಿಕೆಗಳನ್ನು ಹುದುಗಿಸಲಾಗಿತ್ತು. ಅದಾದ ಒಂದೇ ವಾರದಲ್ಲಿ ಸಾಹ್ನಿ ತೀರಿಕೊಂಡರು. ಸಂಸ್ಥೆಯ ಹೊಣೆಯನ್ನು ಸಾವಿತ್ರಿ ಹೊತ್ತು ನಡೆಸಿದರು. ಇಂದು ಅದು ಕೇಂದ್ರ ಸರಕಾರದ ನೆರವಿನ ಸ್ವಾಯತ್ತ ಸಂಸ್ಥೆ.

ದಾನ ಎಂದರೆ ಹಣವೇ ಆಗಬೇಕಿಲ್ಲ ಎಂಬುದಕ್ಕೆ ಡೆಹ್ರಾಡೂನಿನ ಪ್ರಸಂಗಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಸೀಮೆಯಿಂದ ಮೂಳೆಗಳು ಹುದುಗಿದ್ದ ಕಲ್ಲುಗಳನ್ನು ಸಂಗ್ರಹಿಸಿ ತಂದಿದ್ದರು. ಅದರಲ್ಲಿ ಕೆಲವನ್ನಷ್ಟೇ ಅಧ್ಯಯನ ಮಾಡಿ, 1971ರಲ್ಲಿ ಇಂಡೊಹ್ಯೂಸ್ ಎಂಬ ಪ್ರಾಣಿಯನ್ನು ಹೆಸರಿಸಿದರು. ಬಹುಪಾಲು ಕಲ್ಲುಗಳು ಒಡೆಯದೆ ಉಳಿದವು. ರಂಗರಾವ್ ತೀರಿಕೊಂಡ ಮೇಲೆ ಪತ್ನಿ ಫ್ರೀಡ್‌ಲಿಂಡೆ ಓಬರ್ಗ್‌ಫೆಲ್ ಅವುಗಳನ್ನು ಹೊರಗೆಸೆಯದೆ ಕಾಪಾಡಿಕೊಂಡು ಬಂದರು. ಮುಂದೆ ತಿಮಿಂಗಿಲಗಳ ಮೂಲವನ್ನು ಅರಸುತ್ತಿದ್ದ ಅಮೆರಿಕದ ವಿಜ್ಞಾನಿ ಹಾನ್ಸ್ ಥೇವಿಸ್ಸನ್ ಅವರಿಗೆ ಒಪ್ಪಿಸಿದರು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುತ್ತಿದ್ದ ಸಹಾಯಕರ ಕೈಯಲ್ಲಿ ಒಂದು ತಲೆಬುರುಡೆ ಆಕಸ್ಮಿಕವಾಗಿ ಒಡೆಯಿತು. ಒಡೆದ ಕಡೆ ಕಂಡ ಕಿವಿಯ ಮೂಳೆಯ ಒಂದು ಬದಿ ವಿಲಕ್ಷಣವಾಗಿ ದಪ್ಪಗಿತ್ತು. ಅಂಥ ಕಿವಿ ತಿಮಿಂಗಿಲಗಳ ಗುರುತು. ಹೀಗೆ ಸುಮಾರು 4.8 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ಬೆಕ್ಕಿನ ಗಾತ್ರದ, ಜಿಂಕೆಯನ್ನು ಹೋಲುವ ಗೊರಸಿನ ಪ್ರಾಣಿಯೊಂದು ತಿಮಿಂಗಿಲಗಳ ನಿಕಟ ಬಂಧುವೆಂದು 2007ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಮಹಿಳೆ ಮನೆಯ ಕಲ್ಲುರಾಶಿಯನ್ನು ಗುಜರಿಯೆಂದು ಭಾವಿಸಿದ್ದರೆ ಈ ಪುಟವೇ ಇರುತ್ತಿರಲಿಲ್ಲ.

ಮಧ್ಯಪ್ರದೇಶದ ಧಾರ್ ಜಿಲ್ಲೆಯದು ಇನ್ನೊಂದು ಬಗೆ. ಅಲ್ಲಿನ ಶಾಲಾ ಶಿಕ್ಷಕ ವಿಶಾಲ್ ವರ್ಮಾ ಮತ್ತು ಅವರ ಹವ್ಯಾಸಿ ಗೆಳೆಯರು ಬಿಡುವಿನ ವೇಳೆಯಲ್ಲಿ ನರ್ಮದಾ ಕಣಿವೆಯನ್ನು ತಿರುಗಿ ಪಳೆಯುಳಿಕೆಗಳನ್ನು ಗುರುತಿಸುತ್ತ ಬಂದವರು. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳೊಡನೆ ವರ್ಮಾ ಅವರೂ ಲೇಖಕರಾಗಿದ್ದ ಪ್ರಬಂಧ 2023ರ ಜನವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ 92 ಡೈನೊಸಾರ್ ಗೂಡುಗಳ ಮತ್ತು 256 ಮೊಟ್ಟೆಗಳ ವಿವರವಿದೆ. ಊರಿನ ಮೇಷ್ಟರೊಬ್ಬರ ಕಾಲ್ನಡಿಗೆ ಇಲ್ಲಿ ಪ್ರಯೋಗಾಲಯದಷ್ಟೇ ಬೆಲೆಬಾಳಿತು ಎನ್ನಬೇಕು.

ಹಣದ ದಾನಕ್ಕೆ ಬಂದರೆ ಲೆಕ್ಕ ಬೇರೆ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ನೂರಿಪ್ಪತ್ತು ವರ್ಷಗಳ ಹಿಂದೆ ಡಿಪ್ಲೊಡೋಕಸ್ ಅಸ್ಥಿಪಂಜರದ ಅಚ್ಚುಗಳನ್ನು ಲಂಡನ್ ಮೊದಲಾದ ನಗರಗಳಿಗೆ ಉಡುಗೊರೆಯಾಗಿ ಕಳುಹಿಸಿದ್ದರು. 1997ರಲ್ಲಿ ಶಿಕಾಗೊದ ಫೀಲ್ಡ್ ವಸ್ತುಸಂಗ್ರಹಾಲಯ ‘ಸೂ’ ಎಂಬ ಟಿರಾನೊಸಾರಸ್ ಅನ್ನು ಹರಾಜಿನಲ್ಲಿ ಸುಮಾರು 83.6 ಲಕ್ಷ ಡಾಲರ್‌ಗೆ ಕೊಂಡಾಗ ಮೆಕ್‌ಡೊನಾಲ್ಡ್ಸ್ ಮತ್ತು ಡಿಸ್ನಿ ಕಂಪನಿಗಳು ಬೆನ್ನಿಗೆ ನಿಂತಿದ್ದವು. 2024ರ ಜುಲೈನಲ್ಲಿ ಒಂದು ಸ್ಟೆಗೊಸಾರಸ್ 4.46 ಕೋಟಿ ಡಾಲರ್‌ಗೆ ಹರಾಜಾಯಿತು. ಕೊಂಡವರು ಒಬ್ಬ ಧನಿಕ ಹೂಡಿಕೆದಾರ. ಅದನ್ನು ನ್ಯೂಯಾರ್ಕಿನ ಸಂಗ್ರಹಾಲಯಕ್ಕೆ ಎರವಲಾಗಿ ಮಾತ್ರ ಕೊಟ್ಟರು. ಎರವಲಿಗೂ ದಾನಕ್ಕೂ ಇರುವ ಅಂತರ ಸಣ್ಣದಲ್ಲ. ಬೆಲೆ ಹೀಗೆ ಏರಿದರೆ ಸಾರ್ವಜನಿಕ ಸಂಸ್ಥೆಗಳು ಹರಾಜಿನ ಬಾಗಿಲಿಗೂ ಹೋಗಲಾರವು. ದಾನಿಗಳ ಹಣವೂ ಸಾಮಾನ್ಯವಾಗಿ ಹೆಸರು ಕೆತ್ತಿಸಬಹುದಾದ ಪ್ರದರ್ಶನಾಂಗಣದತ್ತ ಹರಿಯುತ್ತದೆ. ಕಪಾಟು, ಡ್ರಾಯರ್, ಅಂಟು, ಅಗ್ನಿಶಾಮಕ ವ್ಯವಸ್ಥೆ ಇತ್ಯಾದಿಗೆ ಹಣ ಕೊಡುವವರು ವಿರಳ.

ಆ ಕೊರತೆಯ ಬೆಲೆ ಏನೆಂಬುದು ಜಗತ್ತಿಗೆ ಗೊತ್ತಿದೆ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ಸುಮಾರು 16 ಕೋಟಿ ವರ್ಷ ಹಳೆಯದೆನ್ನಲಾದ ಡೈನೊಸಾರ್ ಮೂಳೆಯೂ ಅಲ್ಲಿನ ಸಂಗ್ರಹದಲ್ಲಿತ್ತು. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ವಸ್ತುಸಂಗ್ರಹಾಲಯ ಇದೇ ಸಂಸ್ಥೆಯ ಅಂಗ. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟುಹೋಯಿತು. 2024ರಲ್ಲಿ ಖಾಸಗಿ ಸಂಗ್ರಾಹಕ ಬುರ್ಖಾರ್ಡ್ ಪೋಲ್ ಅದಕ್ಕೆ 1,100ಕ್ಕೂ ಹೆಚ್ಚು ಪಳೆಯುಳಿಕೆಗಳನ್ನು ದಾನವಾಗಿ ನೀಡಿದರು. ಅವೆಲ್ಲ ಮೂಲತಃ ಬ್ರೆಜಿಲ್ ನೆಲದವೇ ಆಗಿದ್ದವು.

ದಾನ ಬಂದ ಮಾತ್ರಕ್ಕೆ ಎಲ್ಲವೂ ಸ್ವೀಕಾರಾರ್ಹವಲ್ಲ ಎಂಬುದನ್ನೂ ಹೇಳಬೇಕು. ಎಲ್ಲಿ, ಯಾವ ಪದರದಲ್ಲಿ, ಯಾವಾಗ ದೊರೆಯಿತೆಂಬ ಚೀಟಿ ಇಲ್ಲದ ಪಳೆಯುಳಿಕೆ ವಿಜ್ಞಾನದ ದೃಷ್ಟಿಯಲ್ಲಿ ಬಹುಮಟ್ಟಿಗೆ ಅಲಂಕಾರದ ಕಲ್ಲು. 1989ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಜಾನ್ ಟ್ಯಾಲೆಂಟ್, ಹಿಮಾಲಯದಲ್ಲಿ ದೊರೆತವೆಂದು ವರ್ಷಗಟ್ಟಲೆ ಪ್ರಕಟವಾಗಿದ್ದ ಹಲವು ಪಳೆಯುಳಿಕೆಗಳು ಬೇರೆ ದೇಶಗಳವು ಎಂದು ಬಯಲಿಗೆಳೆದಾಗ ಎದ್ದ ಕೋಲಾಹಲ ಸಣ್ಣದಾಗಿರಲಿಲ್ಲ. ಸುಳ್ಳು ಸ್ಥಳನಾಮ ಒಂದಿಡೀ ಪರ್ವತಶ್ರೇಣಿಯ ಚರಿತ್ರೆಯನ್ನೇ ಕೆಡಿಸಿತ್ತು. ಭೂಪರಂಪರೆಯ ತಾಣಗಳು ಮತ್ತು ಅವಶೇಷಗಳ ರಕ್ಷಣೆಗಾಗಿ ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಕರಡು ಮಸೂದೆಯೊಂದನ್ನು ಪ್ರಕಟಿಸಿತ್ತು.

ವಿಜ್ಞಾನಕ್ಕಾಗಿ ಪುಕ್ಕಟೆ ದುಡಿಯುವುದು ಈ ಸೀಮೆಗೆ ಹೊಸತೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯ ಅವಿವಾಹಿತರಾಗಿ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬದುಕು ಸವೆಸಿದವರು. 1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂತು. ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜುಗಳಿವೆ.

ಇಲ್ಲಿಂದಲೇ ಮಾಡಬಹುದಾದ ಕೆಲಸಗಳೂ ಇವೆ. ಸ್ಮಿತ್ಸೋನಿಯನ್ ಸಂಸ್ಥೆಯು 2013ರಿಂದ ತನ್ನ ಹಳೆಯ ಚೀಟಿ, ದಿನಚರಿ, ದಾಖಲೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿಟ್ಟು, ಅವುಗಳ ಕೈಬರಹವನ್ನು ಓದಿ ಬೆರಳಚ್ಚಿಸಲು ಯಾವ ದೇಶದವರಿಗೂ ಅವಕಾಶ ನೀಡಿದೆ. ಇಂಗ್ಲಿಷ್ ಓದಬಲ್ಲ, ಸಂಜೆ ಒಂದು ತಾಸು ಬಿಡುವಿರುವ ಚಿಂತಾಮಣಿಯ ಪದವಿ ವಿದ್ಯಾರ್ಥಿಗೂ ಇದು ಸಾಧ್ಯ. ಕಡಪದ ಕಡೆಗೋ ಬಾಗಲಕೋಟೆಯ ಕಡೆಗೋ ಪ್ರವಾಸ ಹೋದಾಗ ಕಲ್ಲಿನಲ್ಲಿ ಜೀವದ ಗುರುತಿನಂಥದ್ದು ಕಂಡರೆ ಕಿತ್ತು ತರದೆ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ ತೆಗೆದು, ಊರು ಮತ್ತು ಜಾಗವನ್ನು ಬರೆದುಕೊಂಡು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು ಕಚೇರಿಗೋ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ತಿಳಿಸುವುದು ಸರಿಯಾದ ಕ್ರಮ. ಅಳತೆಗೆ ನಾಣ್ಯ ಇಲ್ಲದಿದ್ದರೆ ಪೆನ್ನಾದರೂ ಸಾಕು.