ಜಮಖಾನದ ಕಲೆ: ಉಜ್ಜುವ ಮುನ್ನ ಅರಿಯಬೇಕಾದುದು

ನೀಲಗಿರಿಯ ಚಳಿಗೆ ಜಮಖಾನ, ಕಂಬಳಿ, ರತ್ನಗಂಬಳಿಗಳು ಮನೆಮನೆಯ ಅಗತ್ಯ. ಅವುಗಳ ಮೇಲೆ ಚಹಾ ಚೆಲ್ಲುವುದೂ ಕೆಮ್ಮಣ್ಣಿನ ಹೆಜ್ಜೆ ಮೂಡುವುದೂ ನಿತ್ಯದ ಸಂಗತಿ. ಕಲೆ ಕಂಡೊಡನೆ ಬಿಸಿನೀರು ಸುರಿದು ಬಲವಾಗಿ ಉಜ್ಜುವವರು ಬಹಳ. ಹಲವು ಕಲೆಗಳು ಅಳಿಯದೆ ಉಳಿಯಲು ಈ ಅವಸರವೇ ಕಾರಣ. ಕಲೆಯ ಗುಣವನ್ನರಿತು ಉಪಾಯವನ್ನು ಆರಿಸಬೇಕು.

ಚಹಾದ ಕಲೆಗೆ ಅದರಲ್ಲಿರುವ ಟ್ಯಾನಿನ್ ಎಂಬ ಪದಾರ್ಥ ಮೂಲ. ಹಾಲು ಬೆರೆತಿದ್ದರೆ ಪ್ರೋಟೀನ್ ಮತ್ತು ಜಿಡ್ಡು ಕೂಡ ಸೇರಿರುತ್ತವೆ. ಬಿಸಿ ತಗಲಿದರೆ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಆದುದರಿಂದ ಮೊದಲು ಬಿಳಿಯ ಹತ್ತಿಬಟ್ಟೆಯನ್ನು ಒತ್ತಿ ತೇವವನ್ನು ಹೀರಿಸಬೇಕು. ಬಳಿಕ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವಸೋಪಿನ ಕೆಲವು ಹನಿ ಬೆರೆಸಿ, ಕಲೆಯ ಅಂಚಿನಿಂದ ನಡುವಿನತ್ತ ಒತ್ತುತ್ತ ಬರಬೇಕು. ಬಣ್ಣ ಉಳಿದರೆ 1 ಪಾಲು ಬಿಳಿ ವಿನೆಗರ್‌ಗೆ 2 ಪಾಲು ನೀರು ಸೇರಿಸಿ ಬಳಸಬಹುದು. ತುಕ್ಕು ಹಿಡಿದ ಬಕೆಟ್ಟಿನ ನೀರು ಸಲ್ಲದು. ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಶಾಯಿ ತಯಾರಿಸುತ್ತಿದ್ದುದೂ ಇದೇ ಕ್ರಮದಿಂದ.

ಕೆಮ್ಮಣ್ಣಿನ ವಿಷಯ ಬೇರೆ. ಅದಕ್ಕೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಕಣಗಳು. ಹಸಿಯಿರುವಾಗ ಉಜ್ಜಿದರೆ ಅವು ನೂಲಿನೊಳಗೆ ಇಳಿಯುತ್ತವೆ. ಪೂರ್ಣ ಒಣಗಲು ಬಿಟ್ಟು, ಹೊರಗೆ ಕೊಡವಿ, ಬ್ರಷ್ಷಿನಿಂದ ತೆಗೆದ ಮೇಲಷ್ಟೇ ಸೋಪಿನ ನೀರು ಮುಟ್ಟಿಸಬೇಕು.

ಎಣ್ಣೆ ಬಿದ್ದಲ್ಲಿ ಜೋಳದ ಹಿಟ್ಟನ್ನು ಉದುರಿಸಿ, ಕೆಲವು ಗಂಟೆ ಬಿಟ್ಟು ಕೊಡವಬೇಕು. ಉಳಿದ ಜಿಡ್ಡನ್ನೂ ಅಂಟಿದ ಚೂಯಿಂಗ್ ಗಮ್ಮನ್ನೂ ನಮ್ಮ ಬೆಟ್ಟದ ನೀಲಗಿರಿ ಎಣ್ಣೆ ಕರಗಿಸಬಲ್ಲದು. ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಬೇಕು. ಈ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ. ಮಕ್ಕಳು ಕುಡಿದರೆ ವಿಷ.

ಉಣ್ಣೆಯ ಹಾಸಿಗೆ ಬ್ಲೀಚ್ ಆಗಲಿ ವಾಷಿಂಗ್ ಸೋಡಾ ಆಗಲಿ ಸಲ್ಲದು. ಎರಡೂ ನೂಲನ್ನು ಕೆಡಿಸುತ್ತವೆ.

ತೊಳೆದಷ್ಟೇ ಮುಖ್ಯ ಒಣಗಿಸುವುದು. ಮಸಿನಗುಡಿಯ ಬಿಸಿಲು ಮುಂಗಾರಿನ ಗೂಡಲೂರಿಗೂ ಮಂಜು ಕವಿದ ಉದಕಮಂಡಲಕ್ಕೂ ದೊರೆಯದು. ಒದ್ದೆ ಉಳಿದರೆ ಬೂಷ್ಟು ಬೆಳೆದು ಉಬ್ಬಸವಿರುವವರಿಗೆ ತೊಂದರೆಯಾಗುತ್ತದೆ. ಆದುದರಿಂದ ಮಳೆಗಾಲದಲ್ಲಿ ಇಡೀ ಹಾಸನ್ನು ನೆನೆಸದೆ ಕಲೆಯಿರುವಷ್ಟನ್ನೇ ಒದ್ದೆಮಾಡಿ, ಒಣಬಟ್ಟೆಯಿಂದ ಹೀರಿಸಿ, ಗಾಳಿಯಾಡುವಂತೆ ತೂಗುಹಾಕುವುದು ಲೇಸು.

ಕೊನೆಯದಾಗಿ, ಬ್ಲೀಚನ್ನು ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಬಾರದು. ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಬಾಟಲಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇದ್ದರೆ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ ಅದು ತಿಳಿಯದು. ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ಶಾಲೆಯಲ್ಲಿ ಕನ್ನಡದಲ್ಲೇ ಕಲಿಯುವ ಮಕ್ಕಳು ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಬಾಟಲಿಗೆ ಅಂಟಿಸಲಿ.